ಎಲ್‌ಎಕ್ಸ್‌ಐ ತಗೋ, ಟರ್ಬೋ ಆಮೇಲೆ ಹಾಕ್ಸು

"ಎಲ್‌ಎಕ್ಸ್‌ಐ ತಗೋಲೇ, ಉಳದ ರೊಕ್ಕದಾಗ ಮುಂದ ಟರ್ಬೋ ಹಾಕ್ಸೂಣು." ನಮ್ಮ ಹಾಸ್ಟೆಲಿನಲ್ಲಿ ಈ ಸಲಹೆ ಕೊಡದವರೇ ಇಲ್ಲ. ಸಿವಿಲ್‌ನವರೂ ಕೊಟ್ಟರು, ಮೆಸ್ಸಿನಲ್ಲಿ ಪಕ್ಕ ಕೂತ ಫಸ್ಟ್ ಇಯರ್ ಹುಡುಗನೂ ಕೊಟ್ಟ. ಘೋಡಗೇರಿಯಲ್ಲಿ ನಮ್ಮಪ್ಪ ಈ ವರ್ಷದ ಕಬ್ಬಿನ ಬಿಲ್ಲಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತ ಮಾಡಿದ್ದ. "ನೀ ಮೆಕ್ಯಾನಿಕಲ್ ಓದಾಕತ್ತಿ, ನೀನ ಆರಿಸು" ಅಂದುಬಿಟ್ಟ. ಕಬ್ಬಿನ ಬಿಲ್ಲು ಅಂದ್ರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ವರ್ಷವಿಡೀ ಬೆಳೆದು, ಕಡಿದು, ಕಾರ್ಖಾನೆಗೆ ಕಳಿಸಿ, ಆಮೇಲೆ ಕಾದು ತಗೊಳ್ಳೋ ದುಡ್ಡು ಅದು.

ನೋಡಿದ್ದು 2018ರ ಸ್ವಿಫ್ಟ್ ಪೆಟ್ರೋಲ್. ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ, ಝಡ್‌ಎಕ್ಸ್‌ಐ ಪ್ಲಸ್. ಬಾನೆಟ್ ಎತ್ತಿದರೆ ನಾಲ್ಕರಲ್ಲೂ ಅದೇ 1.2 ಲೀಟರ್ ಎಂಜಿನ್, ಅದೇ 83 ಪಿಎಸ್, ಅದೇ 113 ನ್ಯೂಟನ್ ಮೀಟರ್. ಏರ್‌ಬ್ಯಾಗ್ ಎರಡು, ಎಬಿಎಸ್ ಎಲ್ಲದರಲ್ಲೂ ಉಂಟು. ಹಾಗಾದರೆ ಟರ್ಬೋ ಹಾಕುವವನಿಗೆ ಅಗ್ಗದ್ದೇ ಸರಿ ಅನ್ನೋದು ಮೇಲ್ನೋಟಕ್ಕೆ ನಿಜ. ಮ್ಯೂಸಿಕ್ ಸಿಸ್ಟಂ ಎಂಜಿನ್ನಿಗೆ ಗಾಳಿ ಊದಲ್ಲ. ಆದರೆ ಕೆಳಗಿನ ಎರಡರಲ್ಲಿ 165 ಅಗಲದ 14 ಇಂಚಿನ ಟೈರು, ಮೇಲಿನ ಎರಡರಲ್ಲಿ 185 ಅಗಲದ 15 ಇಂಚು. ಶಕ್ತಿ ಹೆಚ್ಚಿಸುತ್ತೇನೆ ಅನ್ನುವವನಿಗೆ ಕಾಗದದ ಮೇಲೆ ಕಾಣುವ ಕೆಲಸದ ವ್ಯತ್ಯಾಸ ಇದೊಂದೇ, ಅದೂ ದುಬಾರಿ ಮಾಡೆಲ್‌ನಲ್ಲಿ. ಹಾಸ್ಟೆಲಿನ ವಾದ ಇಲ್ಲೇ ಅರ್ಧ ಬಿತ್ತು.

ಉಳಿದರ್ಧಕ್ಕೆ ಒಂದು ರಾತ್ರಿ ಥರ್ಮೋಡೈನಾಮಿಕ್ಸ್ ನೋಟ್ಸ್ ತೆಗೆದೆ. (ಪರೀಕ್ಷೆಗೂ ಇಷ್ಟು ಶ್ರದ್ಧೆಯಿಂದ ತೆಗೆದಿರಲಿಲ್ಲ.) 0.5 ಬಾರ್ ಬೂಸ್ಟ್ ಅಂತ ಇಟ್ಕೊಳ್ಳಿ, ಅಂದರೆ ಒತ್ತಡದ ಅನುಪಾತ 1.5. ಒಳಗೆ ಹೋಗುವ ಗಾಳಿ 30 ಡಿಗ್ರಿ. ಕಂಪ್ರೆಸರ್ ದಕ್ಷತೆ ಶೇ. 65 ಹಿಡಿದರೆ ಹೊರಗೆ ಬರುವಾಗ ಅದು ಸುಮಾರು 87 ಡಿಗ್ರಿ. ಬಿಸಿ ಗಾಳಿ ಹಿಗ್ಗುತ್ತದೆ. ಹಾಗಾಗಿ ಇಂಟರ್‌ಕೂಲರ್ ಇಲ್ಲದಿದ್ದರೆ ಒತ್ತಡ ಶೇ. 50 ಏರಿದರೂ ಸಿಲಿಂಡರಿಗೆ ಸೇರುವ ಗಾಳಿ ಬರೇ ಶೇ. 26ರಷ್ಟು ಜಾಸ್ತಿ. ಅಷ್ಟೇ ಆಗಿದ್ದರೆ ಇಂಟರ್‌ಕೂಲರ್ ಕೂಡಿಸಿ ಸುಮ್ಮನಾಗಬಹುದಿತ್ತು. ಆದರೆ ಈ ಎಂಜಿನ್ನಿನ ಕಂಪ್ರೆಷನ್ ಅನುಪಾತವೇ 11. ಅದೇ ಬಿಸಿ ಗಾಳಿಯನ್ನು ಪಿಸ್ಟನ್ ಮತ್ತೆ ಹನ್ನೊಂದು ಪಟ್ಟು ಒತ್ತಿದಾಗ, ಟರ್ಬೋ ಇಲ್ಲದ ಎಂಜಿನ್ನಿಗಿಂತ ಸುಮಾರು 130 ಡಿಗ್ರಿ ಹೆಚ್ಚು ಬಿಸಿ. ಕಿಡಿ ಬೀಳುವ ಮುಂಚೆಯೋ, ಬಿದ್ದ ಮೇಲೆ ಮೂಲೆಯಲ್ಲೋ ಪೆಟ್ರೋಲು ತಾನೇ ಹೊತ್ತಿಕೊಳ್ಳುವ ಅಪಾಯ ಇಲ್ಲಿಂದ ಶುರು. ನಾಕಿಂಗ್ ತಡೆಯೋಕೆ ಕಿಡಿ ತಡ ಮಾಡಿದರೆ, ಗಳಿಸಿದ ಶಕ್ತಿಯಲ್ಲಿ ಒಂದಷ್ಟು ವಾಪಸ್.

ಕಂಪನಿಯವರು ಟರ್ಬೋವನ್ನು ಮೇಲಿಂದ ಅಂಟಿಸಲ್ಲ. 2017ರ ಬಲೆನೋ ಆರ್‌ಎಸ್ ನೋಡಿ. ಅದರ 998 ಸಿಸಿ ಬೂಸ್ಟರ್‌ಜೆಟ್‌ಗೆ ಕಂಪ್ರೆಷನ್ 10, ಡೈರೆಕ್ಟ್ ಇಂಜೆಕ್ಷನ್, 150 ನ್ಯೂಟನ್ ಮೀಟರ್, ಜೊತೆಗೆ ಹಿಂದಿನ ಗಾಲಿಗಳಿಗೂ ಡಿಸ್ಕ್ ಬ್ರೇಕ್. 2023ರಲ್ಲಿ ಫ್ರಾಂಕ್ಸ್ ಬಂದಾಗಲೂ ಸಿಗ್ಮಾ, ಡೆಲ್ಟಾಗೆ ಟರ್ಬೋ ಇರಲಿಲ್ಲ. ಡೆಲ್ಟಾ ಪ್ಲಸ್‌ನಿಂದ ಮೇಲಕ್ಕೆ ಮಾತ್ರ, ಅದೂ ಬೇರೆಯೇ ಎಂಜಿನ್.

ಎಥೆನಾಲ್ ಬಗ್ಗೆ ಒಂದು ಮಾತು. ನಮ್ಮ ಹೊಲದ ಕಬ್ಬೇ ಪೆಟ್ರೋಲಿನಲ್ಲಿ ಸೇರಿ ಆಕ್ಟೇನ್ ಏರಿಸುತ್ತದೆ, ಆವಿಯಾಗುವಾಗ ಗಾಳಿಯನ್ನೂ ತಂಪು ಮಾಡುತ್ತದೆ, ಟರ್ಬೋಗೆ ಇದಕ್ಕಿಂತ ಇನ್ನೇನು ಬೇಕು ಅಂತ ಒಬ್ಬ ಸೀನಿಯರ್ ವಾದಿಸಿದ. ಮಾತು ಸರಿಯೇ. ಆದರೆ 2018ರ ಗಾಡಿ ಇ20ಗಾಗಿ ಮಾಡಿದ್ದಲ್ಲ, ಅದರ ಮೇಲೆ ಬೂಸ್ಟನ್ನೂ ಹೇರಿ ಪ್ರಯೋಗ ಮಾಡಲು ಅದು ಲ್ಯಾಬಿನ ಎಂಜಿನ್ನೂ ಅಲ್ಲ.

ನಾನು ನಿಂತದ್ದು ಮಾತ್ರ ಕಾನೂನಿನ ಹತ್ತಿರ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಹೀಗೆ ಬದಲಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲೀಕ ಅಂದರೆ ಯಾರು? ಆರ್‌ಸಿ ಅಪ್ಪನ ಹೆಸರಿನಲ್ಲಿ. ಟರ್ಬೋ ಆಸೆ ನಂದು, ಸಹಿ ಅವಂದು. ಅಪಘಾತವಾಗಿ ವಿಮೆಯವರು ಬಾನೆಟ್ ಎತ್ತಿದರೆ ಉತ್ತರ ಕೊಡಬೇಕಾದವನೂ ಅವನೇ.

ಕೊಲ್ಲಾಪುರದಲ್ಲಿ ಒಂದು ಬಲೆನೋ ಆರ್‌ಎಸ್ ಇತ್ತು. ಮಹಾರಾಷ್ಟ್ರದ ನಂಬರ್, ಎನ್‌ಒಸಿ ತರಬೇಕು, ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಬೇಕು. ಅಪ್ಪನಿಗೆ ಅದರ ಎಳೆತ ವಿವರಿಸಿದೆ. ಪೂರ್ತಿ ಕೇಳಿ, "ಬಿಚ್ಚಾಕ ಗಾಡಿ ಹುಡುಕಾಕತ್ತಿಯೋ, ಅಡ್ಡ್ಯಾಡಾಕ ಹುಡುಕಾಕತ್ತಿಯೋ?" ಅಂದ. ಅಂವಂಗೆ ಬೇಕಾದ್ದು ನಸುಕಿನಲ್ಲಿ ಅವ್ವನನ್ನು ಬೆಳಗಾವಿಯ ದವಾಖಾನೆಗೆ ಒಯ್ದು ತರೋ ಗಾಡಿ, ಗೋಕಾಕದಲ್ಲೇ ರಿಪೇರಿ ಆಗೋ ಗಾಡಿ.

ವಿಎಕ್ಸ್‌ಐ ತಗೊಂಡಿವಿ. ಝಡ್‌ಎಕ್ಸ್‌ಐಗೆ ಕೊಡಬೇಕಿದ್ದ ಹೆಚ್ಚಿನ ದುಡ್ಡಿನಲ್ಲಿ ನಾಲ್ಕೂ ಟೈರು ಹೊಸವು ಬಂದವು, ಉಳಿದದ್ದು ಮುಂದಿನ ನಾಟಿಗೆ ಹೋಯಿತು. ನನ್ನ ಟರ್ಬೋ ಈಗ ಹಾಸ್ಟೆಲ್ ಮಂಚದ ಕೆಳಗಿದೆ. ಹಳೆಯ 1.3 ಡೀಸೆಲ್ ಸ್ವಿಫ್ಟಿನದು, ಗುಜರಿಯಲ್ಲಿ ಸಿಕ್ಕದ್ದು, ಶಾಫ್ಟ್ ಅಲುಗಾಡುತ್ತದೆ. ಬೇರಿಂಗ್ ಬಿಚ್ಚಲು ಸರ್ಕ್ಲಿಪ್ ಪ್ಲೈಯರ್ ಬೇಕು, ಯಾರ ಹತ್ತಿರವಾದರೂ ಇದ್ದರೆ ರೂಮಿಗೆ ಬನ್ನಿ.