ಬಿಟ್ಟ ಮೆಟ್ಟಿಲು

ಏಣಿ ಹತ್ತುವವರ ಕಣ್ಣೆಲ್ಲ ಮೇಲಿನ ಮೆಟ್ಟಿಲಿನ ಮೇಲೆ. ಕಾಲ ಕೆಳಗಿನದನ್ನು ಬಿಡದೆ ಅದು ದೊರೆಯದೆಂಬುದನ್ನು ನೆನೆವವರು ವಿರಳ.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಹೈದರಾಬಾದಿನ ಸತ್ಯ ನಾದೆಲ್ಲಾ 1992ರಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ಶಾಶ್ವತವಾಗಿ ನೆಲೆಸುವ ಹಕ್ಕನ್ನೀಯುವ ಗ್ರೀನ್ ಕಾರ್ಡ್ ಕೈಯಲ್ಲಿತ್ತು. ಆದರೆ ಅದನ್ನು ಹಿಡಿದವರ ಪತ್ನಿ ಅಲ್ಲಿಗೆ ಬರಲು ವರ್ಷಗಟ್ಟಲೆ ಕಾಯಬೇಕಿತ್ತು. 1994ರಲ್ಲಿ ಅವರು ದೆಹಲಿಯ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಆ ಕಾರ್ಡನ್ನೇ ಒಪ್ಪಿಸಿ, ತಾತ್ಕಾಲಿಕ ವೀಸಾ ಪಡೆದು, ಪತ್ನಿಯನ್ನು ಕರೆದೊಯ್ದರು.

ಮುಂದೆ ಸಂಸ್ಥೆಯ ಮುಖ್ಯಸ್ಥ ಬಾಲ್ಮರ್, ಸೋತರೆ ಮರಳಲು ದಾರಿಯಿಲ್ಲವೆಂದು ಎಚ್ಚರಿಸಿಯೇ, ಬಿಂಗ್ ಶೋಧಯಂತ್ರದ ಹೊಣೆಯನ್ನು ಮುಂದಿಟ್ಟರು. ನಾದೆಲ್ಲಾ ಒಪ್ಪಿದರು. 2014ರಲ್ಲಿ ಬಾಲ್ಮರರ ಪೀಠವೇ ಅವರದಾಯಿತು.

ಪದವಿಯನ್ನು ಬಯಸುವ ತರುಣರು ಏನನ್ನು ಪಡೆಯಬೇಕೆಂದು ಊರೆಲ್ಲ ವಿಚಾರಿಸುತ್ತಾರೆ. ಏನನ್ನು ಬಿಟ್ಟುಕೊಡಬಲ್ಲೆವೆಂದು ತಮ್ಮನ್ನೇ ಕೇಳಿಕೊಂಡರೆ ಅರ್ಧ ದಾರಿ ಸವೆದಂತೆಯೇ.