ಕೋಬಾದ ಮೇಲೊಂದು ಕೆಂಪು ನೆಲ

ಡೊಂಬಿವಲಿಯಲ್ಲಿ ನಮ್ಮದು ನೆಲಮಹಡಿಯ ಮನೆ. ಒಂದು ಕೋಣೆ, ಒಂದು ಅಡಿಗೆಮನೆ. ಕಟ್ಟಡ 1979ರದ್ದು. ನೆಲಕ್ಕೆ ಹಾಕಿದ್ದು ಇಲ್ಲಿಯವರು ‘ಕೋಬಾ’ ಎನ್ನುವ ಬೂದುಬಣ್ಣದ ಕಾಂಕ್ರೀಟು. ಇಷ್ಟು ವರ್ಷ ತುಳಿಸಿಕೊಂಡು ಅದರ ಮೈಯೆಲ್ಲ ಸವೆದು, ದಿನಕ್ಕೆರಡು ಸಲ ಗುಡಿಸಿದರೂ ಪೊರಕೆಗೆ ಹಿಡಿ ಪುಡಿ ಸಿಕ್ಕುತ್ತಿತ್ತು. ಮೇಲೊಂದು ಪ್ಲಾಸ್ಟಿಕ್ ಹಾಸು ಹಾಸಿ ನಾವು ಮಾನ ಉಳಿಸಿಕೊಂಡಿದ್ದೆವು. ಬಂದ ನೆಂಟರು ಹಾಸಿನ ಹೂವನ್ನು ಹೊಗಳಿ ಹೋಗುತ್ತಿದ್ದರು. ಸರ್ಕಾರಿ ಗುಮಾಸ್ತನಿಗೆ ಹರಿದ ಫೈಲಿಗೆ ಹೊಸ ರಟ್ಟು ಹಾಕುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ನೆಲದ ಚಿಂತೆ ಹತ್ತಿದ್ದು ಅಮ್ಮನಿಂದಾಗಿ. ಕುಂದಾಪುರದ ಕಡೆಯ ನಮ್ಮ ಹಳೆಯ ಮನೆ ಕಳೆದ ವರ್ಷ ಪಾಲಿನಲ್ಲಿ ಚಿಕ್ಕಪ್ಪನ ಮಕ್ಕಳಿಗೆ ಹೋಯಿತು. ಅವರು ಅದನ್ನು ಕೆಡವಿ ಹೊಸದು ಕಟ್ಟುವವರು. ಅಮ್ಮ ಎಲ್ಲಿರಬೇಕು? ಬೆಂಗಳೂರಿನಲ್ಲಿ ಅಣ್ಣನ ಮನೆಯಿದೆ; ಆದರೆ ಅಲ್ಲಿ ಮುಖ ಕಾಣುವಂಥ ಟೈಲ್ಸು. ಎರಡು ವರ್ಷದ ಹಿಂದೆ ಅದರ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆ, “ನಿಮ್ಮ ಪೇಟೆಯ ಕನ್ನಡಿ ನೆಲದ ಸಹವಾಸ ನನಗೆ ಬೇಡ ಮಗಾ” ಎಂದು ಪಟ್ಟು ಹಿಡಿದಿದ್ದಳು. ಮದುವೆಯಾಗಿ ಬಂದ ದಿನದಿಂದ ಅವಳು ನಡೆದದ್ದು ಕೆಂಪು ಕಾವಿ ನೆಲದ ಮೇಲೆ. ವಾರಕ್ಕೊಮ್ಮೆ ಬಟ್ಟೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿ ಉಜ್ಜಿ, ಅದು ಮಾಗಿದ ರಾಮಫಲದ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

“ನಮ್ಮಲ್ಲಿಯೂ ಅಂಥದೇ ನೆಲ ಹಾಕಿಸುತ್ತೇನೆ, ಬಾ” ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಾ?” ಎಂದಳು. ಅದು ಒಪ್ಪಿಗೆ ಎಂದು ನನಗೆ ಗೊತ್ತು.

ಹಳೆಯ ಕೋಬಾ ಒಡೆಯುವಂತಿರಲಿಲ್ಲ. ಒಡೆಯಲು ಸೊಸೈಟಿಯ ಅಪ್ಪಣೆ ಬೇಕು. ದಪ್ಪಗೆ ಹಾಕುವಂತೆಯೂ ಇರಲಿಲ್ಲ. ಬಚ್ಚಲಿನ ಹೊಸ್ತಿಲು ಇದ್ದದ್ದೇ ಅರ್ಧ ಅಂಗುಲ. ಆದ್ದರಿಂದ ಒಂದು ಸೆಂಟಿಮೀಟರ್ ದಪ್ಪದ ಕೆಂಪು ಸಿಮೆಂಟಿನ ಪದರವನ್ನು ಹಳೆಯದರ ಮೇಲೇ ಎಳೆಸುವುದೆಂದು ನಿಶ್ಚಯಿಸಿದೆ. ಸಹೋದ್ಯೋಗಿಯೊಬ್ಬರು ಹೇಳಿದ ಗೌಂಡಿ ಬಂದ. ಗುಡಿಸಿದ, ನಾಲ್ಕು ತಂಬಿಗೆ ನೀರು ಚಿಮುಕಿಸಿದ, ಕೆಂಪು ಗಾರೆ ಹರಡಿ ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪೇರಿಸಿದ. ಸಂಜೆಯ ಹೊತ್ತಿಗೆ ಕೋಣೆಗೆ ಮದುವೆ ಮನೆಯ ಕಳೆ! ಅಮ್ಮ ಬರುವುದು ಬರುವ ಭಾನುವಾರ, ಮತ್ಸ್ಯಗಂಧಾದಲ್ಲಿ. ಇನ್ನು ಉಳಿದಿದ್ದದ್ದು ಆರೇ ದಿನ. ಮಾರನೆಯ ಬೆಳಿಗ್ಗೆ, ಬೇಗ ಒಣಗಲಿ ಎಂದು ಕಿಟಕಿಗಳನ್ನೆಲ್ಲ ತೆರೆದು, ಫ್ಯಾನನ್ನು ಐದರಲ್ಲಿಟ್ಟು ನಾನು ಕಚೇರಿಗೆ ಹೋದೆ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವನು ನಾನು ಎಂಬುದನ್ನು ವಾಚಕರು ಇಲ್ಲಿ ದಯವಿಟ್ಟು ಗಮನಿಸಬೇಕು.

ಗುರುವಾರ ನೋಡುತ್ತೇನೆ, ಜೇಡರ ಬಲೆಯಂಥ ಬಿರುಕುಗಳು. ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಮೂಲೆಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಊಟದ ತಟ್ಟೆಯಷ್ಟಗಲದ ತುಂಡು ಹಪ್ಪಳದ ಹಾಗೆ ಎದ್ದು ಬಂತು. ಅದರ ಕೆಳಗೆ ಹಳೆಯ ಕೋಬಾ, ತನ್ನ ಪುಡಿಯ ಸಮೇತ, ಏನೂ ಆಗದವರಂತೆ ಮಲಗಿತ್ತು.

ಅಮ್ಮನಿಗೆ ಫೋನ್ ಮಾಡಿ, ರಜೆ ಮಂಜೂರಾಗಲಿಲ್ಲ, ಈಗ ಬರಬೇಡ ಎಂದು ಸುಳ್ಳು ಹೇಳಿದೆ. ಆಪತ್ತಿನಲ್ಲಿ ಕಚೇರಿಯ ಮೇಲೆ ಹಾಕುವುದು ನಮ್ಮ ವೃತ್ತಿಧರ್ಮ. “ಪರವಾಗಿಲ್ಲ ಬಿಡು” ಎಂದಳು. ಆಗಲೇ ಹಪ್ಪಳ, ಉಪ್ಪಿನಕಾಯಿ ಎಲ್ಲ ಚೀಲಕ್ಕೆ ತುಂಬಿಯಾಗಿತ್ತೆಂದು ಪಕ್ಕದ ಮನೆಯವರಿಂದ ಆಮೇಲೆ ತಿಳಿಯಿತು.

ತಪ್ಪು ಗೌಂಡಿಯದು ಅರ್ಧ, ನನ್ನದು ಅರ್ಧ. ಸಿಮೆಂಟು ಒಣಗಿ ಗಟ್ಟಿಯಾಗುವ ವಸ್ತುವಲ್ಲ. ನೀರಿನೊಡನೆ ಕೂಡಿ ಗಟ್ಟಿಯಾಗುವಂಥದು. ಅದರೊಳಗಿನ ಕ್ಯಾಲ್ಸಿಯಂ ಸಿಲಿಕೇಟುಗಳು ನೀರು ಕುಡಿದು ಬೇರೊಂದು ವಸ್ತುವಾಗಿ ಹೆಣೆದುಕೊಳ್ಳಬೇಕು. ಅದಕ್ಕೆ ದಿನಗಟ್ಟಲೆ ತೇವ ಬೇಕು. ದಪ್ಪ ಕಾಂಕ್ರೀಟಿಗೆ ತನ್ನದೇ ನೀರಿನ ದಾಸ್ತಾನು ಇರುತ್ತದೆ. ತೆಳು ಪದರಕ್ಕೆ ಏನಿದೆ? ಮೇಲಿನಿಂದ ನನ್ನ ಫ್ಯಾನು, ಕೆಳಗಿನಿಂದ ಬಾಯಾರಿದ ಕೋಬಾ, ಎರಡೂ ಸೇರಿ ಅದರ ನೀರು ಹೀರಿದವು. ಸಾಲದ್ದಕ್ಕೆ, ಹೊಸ ಸಿಮೆಂಟು ಒಣಗುತ್ತ ಕುಗ್ಗುತ್ತದೆ; ಹಳೆಯದು ಎಂದೋ ಕುಗ್ಗಿ ಮುಗಿಸಿದೆ. ಎರಡಕ್ಕೂ ಬಿಗಿಯಾದ ಹಿಡಿತವಿಲ್ಲದಿದ್ದರೆ ಹೊಸದು ಅಂಚಿನಲ್ಲಿ ಮುರುಟಿ ಏಳುತ್ತದೆ. ಇದೆಲ್ಲ ನನಗೆ ಗೊತ್ತಿರಬೇಕಾದದ್ದೇ. ಆದರೆ ಡಿಗ್ರಿ ಸರ್ಟಿಫಿಕೇಟು ಕಪಾಟಿನಲ್ಲಿರುತ್ತದೆ, ಫ್ಯಾನಿನ ಸ್ವಿಚ್ಚು ಕೈಗೆ ಹತ್ತಿರ.

ಎರಡನೆಯ ಗೌಂಡಿ ಸಿಕ್ಕಿದ್ದು ಕೂಲಿಯವರು ನಿಲ್ಲುವ ನಾಕಾದಲ್ಲಿ. ಅವನ ಮರಾಠಿ ಕೇಳಿದ ಕೂಡಲೇ ನಾನು ಕನ್ನಡದಲ್ಲಿ ಮಾತಾಡಿದೆ; ಕಲಬುರ್ಗಿ ಕಡೆಯವನು. ನೆಲಕ್ಕೆ ಉಳಿಯ ಹಿಡಿಕೆಯಿಂದ ಎರಡು ಸಲ ತಟ್ಟಿ ನೋಡಿ, “ಸಾಹೇಬ್ರ, ಹಳೀ ಕೋಬಾದ ಮ್ಯಾಲ ಹೊಸಾದು ಸುಮ್ನ ಕುಂದ್ರಂಗಿಲ್ರಿ. ಟಾಚಾ ಹೊಡೀಬೇಕು” ಎಂದ. ಉಳಿ ಸುತ್ತಿಗೆ ಹಿಡಿದು ನೆಲದ ತುಂಬ ಒತ್ತೊತ್ತಾಗಿ ಗಾಯ ಮಾಡುತ್ತ ಎರಡು ದಿನ ಕೂತ. ಮೇಲಿನ ಮನೆಯವರು ಮೂರು ಸಲ ಇಳಿದು ಬಂದರು. ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ರಾತ್ರಿಯೆಲ್ಲ ನೀರು ನಿಲ್ಲಿಸಿದ. ಬೆಳಿಗ್ಗೆ ಆ ನೀರನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದದ್ದು ನೋಡಿ ನನಗೆ ಆಶ್ಚರ್ಯ. “ನೆಲದ ಹೊಟ್ಟಿ ತುಂಬಿರಬೇಕ್ರಿ, ಮೈಮ್ಯಾಲ ನೀರು ನಿಂದ್ರಬಾರ್ದು” ಎಂದ. ಪುಸ್ತಕಗಳು ಅರ್ಧ ಪುಟದಲ್ಲಿ ಹೇಳುವ ಮಾತು.

ಹಾಲಿನಂಥ ಎಸ್.ಬಿ.ಆರ್. ಲೇಟೆಕ್ಸನ್ನು ಸಿಮೆಂಟಿಗೆ ಕಲಸಿ ಬ್ರಷ್ಷಿನಿಂದ ಬಳಿದು, ಅದು ಒಣಗುವ ಮೊದಲೇ ಗಾರೆ ಹಾಕುತ್ತ ಹಿಂದಕ್ಕೆ ಸರಿದ. ಒಣಗಿದರೆ ಅಂಟೇ ಅಡ್ಡಗೋಡೆಯಾಗುತ್ತದಂತೆ. ಬಣ್ಣ ಇನ್ನಷ್ಟು ಹಾಕಪ್ಪ ಎಂದೆ. 50 ಕಿಲೋ ಚೀಲಕ್ಕೆ 5 ಕಿಲೋ ಮೇಲೆ ಹಾಕಲು ಅವನು ಒಪ್ಪಲಿಲ್ಲ. ಸರಿಯೇ, ಕಬ್ಬಿಣದ ಆಕ್ಸೈಡು ಬಣ್ಣ ಕೊಟ್ಟೀತು, ಬಲ ಕೊಡಲಾರದು. ನಡುವೆ ಗೆರೆ ಎಳೆದು ಕೋಣೆಯನ್ನು ನಾಲ್ಕು ಭಾಗ ಮಾಡಿದ. ಅಮ್ಮ ಬಿದ್ದ ಕಥೆ ಹೇಳಿದ್ದೆನಾಗಿ, ಕನ್ನಡಿಯ ಹೊಳಪು ಬರುವ ಮೊದಲೇ ಕರಣೆ ಕೆಳಗಿಟ್ಟ.

ಮರುದಿನ ಬಾಗಿಲಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಏಳು ದಿನ ನಾವು ಮೂವರೂ ಇಟ್ಟಿಗೆಯ ಮೇಲಿನ ಹಲಗೆಯಲ್ಲಿ ದಾಟಿ ಅಡಿಗೆಮನೆ ಸೇರಿ ಅಲ್ಲೇ ಮಲಗಿದೆವು. ನಾನು ಇ.ಎಲ್. ಹಾಕಿ ಕೆರೆ ಕಾಯುವವನಂತೆ ಕೂತೆ. ಫ್ಯಾನಿನ ಸ್ವಿಚ್ಚಿಗೆ ಮಗ ಟೇಪು ಅಂಟಿಸಿದ್ದ.

ಅಮ್ಮ ಬೆಳಗಿನ ಜಾವ ಥಾಣೆಯಲ್ಲಿಳಿದಳು. ಮನೆಗೆ ಬಂದು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ಕೈಕೊಟ್ಟು ಒಂದು ಕಾಲನ್ನು ಮೊದಲು ಇಟ್ಟು ನೋಡಿದಳು, ಆಮೇಲೆ ಎರಡನೆಯದು. ಕಿಟಕಿಯವರೆಗೆ ನಡೆದು, ಅಲ್ಲಿ ಬಗ್ಗಿ, “ಎಂತದು ಇದು, ರಂಗೋಲಿ ಹಿಟ್ಟು ಚೆಲ್ಲಿದ್ದಾ?” ಎಂದಳು. ಸಿಮೆಂಟಿನೊಳಗಿನ ಸುಣ್ಣ ನೀರಿನೊಡನೆ ಮೇಲೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಬಿಳಿ ಕಲೆಯಾಗಿತ್ತು. ನಾನು ಸಮೀಕರಣ ಸಮೇತ ವಿವರಿಸತೊಡಗಿದೆ. ಅವಳು ಆಗಲೇ ಚೀಲದಿಂದ ಹಳೆಯ ಪಂಚೆಯ ತುಂಡು ತೆಗೆದಿದ್ದಳು. ಊರಿನ ಮನೆಯ ನೆಲ ಒರೆಸುತ್ತಿದ್ದ ಬಟ್ಟೆ ಅದು. ಎಣ್ಣೆಯ ವಾಸನೆ ಇನ್ನೂ ಇತ್ತು.

ಬಾಕಿ ಹಣಕ್ಕೆ ಗೌಂಡಿ ಬಂದಾಗ ಅವಳೇ ಚಹಾ ಕೊಟ್ಟಳು. ಅವಳ ಕುಂದಾಪುರದ ಕನ್ನಡ ಅವನಿಗೆ, ಅವನ ಕಲಬುರ್ಗಿ ಕನ್ನಡ ಅವಳಿಗೆ ಅರ್ಧವೇ ತಿಳಿಯುತ್ತಿತ್ತು. ಆದರೂ ಬಾಗಿಲ ಬಳಿಯ ಸಣ್ಣ ಬಿರುಕಿನ ವಿಷಯ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅವಳ ವಾಪಸು ಟಿಕೆಟಿನ ತಾರೀಖು ಮುಂದಿನ ವಾರ. ಅದನ್ನು ರದ್ದು ಮಾಡು ಎಂದು ಅವಳಿನ್ನೂ ಹೇಳಿಲ್ಲ, ನಾನೂ ಕೇಳಿಲ್ಲ. ತೆಂಗಿನೆಣ್ಣೆ ಮುಗಿಯಿತು, ಒಂದು ಲೀಟರಿನ ಡಬ್ಬಿಯೇ ತಾ ಎಂದು ನಿನ್ನೆ ಹೇಳಿದಳು.