ಬಾಣಂತಿ ಕೋಣೆಗೆ ಏಸಿ: ಖರ್ಚೆಷ್ಟು, ತಂಪೆಷ್ಟು?

ಸೋದರಿಯರೇ, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಅನ್ನೋದು ನಮ್ಮ ಕಡೆಯ ಪದ್ಧತಿ. ಆದರೆ ದಿನ ತುಂಬುವುದು ಏಪ್ರಿಲ್ ಕೊನೆಗೆ, ತವರು ಬಾದಾಮಿ ತಾಲ್ಲೂಕಿನ ಕೆರೂರ ಅಂದರೆ ನೀವೇನು ಮಾಡ್ತೀರಿ? ಆ ದಿನಗಳಲ್ಲಿ ನಮ್ಮಲ್ಲಿ ಮಧ್ಯಾಹ್ನದ ಬಿಸಿಲು 40 ಡಿಗ್ರಿಯ ಆಸುಪಾಸು. ಕಾಯ್ದ ಸ್ಲ್ಯಾಬು ರಾತ್ರಿ ಹನ್ನೆರಡಾದರೂ ಆರುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಮಗಳು ಫೋನಿನಲ್ಲಿ ನೇರವಾಗಿಯೇ ಅಂದಳು: "ಅವ್ವಾ, ಬರಾಕ ಮನಸೈತಿ. ಆದ್ರ ಆ ಧಗಿಯೊಳಗ ಕೂಸಿನ್ನ ಇಟ್ಕೊಂಡು ಹೆಂಗಿರ್ಲಿ? ಒಂದು ಏಸಿ ಹಾಕಸ್ರಿ, ಬರ್ತೀನಿ. ಇಲ್ಲಾಂದ್ರ ನೀನ ಇಲ್ಲಿಗೆ ಬಾ."

ಎದ್ದು ಓಡಾಡಲಾರದ ಅತ್ತೆಯವರನ್ನು ಬಿಟ್ಟು ಮೂರು ತಿಂಗಳು ನಾನು ಬೆಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ಹಾಗಾಗಿ ಏಸಿಯ ಲೆಕ್ಕಕ್ಕೆ ಕೂತೆ. ಮಗಳ ಕುಬಸಕ್ಕೆಂದು ಕೂಡಿಸಿಟ್ಟ 60 ಸಾವಿರ ರೂಪಾಯಿ ಬಿಟ್ಟರೆ ಕೈಯಲ್ಲಿ ಬೇರೆ ಗಂಟಿರಲಿಲ್ಲ.

"ತಂಪು ಊರಾಗಿದ್ದು ಹುಡುಗಿ ಮೆತ್ತಗಾಗ್ಯಾಳ" ಅಂದರು ಅತ್ತೆ. ಆದರೆ ಬೆಂಗಳೂರೂ ಈಗ ಹಿಂದಿನ ಬೆಂಗಳೂರಲ್ಲ. ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಆ ಊರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು. ಚಳಿ ದೇಶವೆನ್ನುವ ಇಂಗ್ಲೆಂಡಿನ ಕೊನಿಂಗ್ಸ್‌ಬಿಯಲ್ಲೂ 2022ರ ಜುಲೈ 19ರಂದು 40.3 ಡಿಗ್ರಿ ಆಯಿತು. ಅಲ್ಲಿನ ಮನೆಗಳನ್ನು ಕಟ್ಟಿದ್ದೇ ಒಳಗಿನ ಬಿಸಿ ಹೊರಗೆ ಹೋಗದಂತೆ. ಹೀಗಾಗಿ ಚಳಿಯ ಊರಿನವರೂ ಈಗ ಏಸಿಯ ಬೆಲೆ ಕೇಳುತ್ತಿದ್ದಾರೆ.

ನಮ್ಮ ಹಿರಿಯರು ಮನೆ ಕಟ್ಟಿದ್ದು ಇದಕ್ಕೆ ತಿರುವುಮುರುವು. ಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಹೊರಗಿನ ಝಳ ಒಳಗೆ ಬರುವ ಹೊತ್ತಿಗೆ ಹೊತ್ತೇ ಮುಳುಗಿರುತ್ತಿತ್ತು. ಮಳೆಗಾಲದಲ್ಲಿ ಸೋರುತ್ತದೆಂದು ಆ ಮಾಳಿಗೆ ತೆಗೆದು ಸಿಮೆಂಟಿನ ಸ್ಲ್ಯಾಬು ಹಾಕಿಸಿದೆವು. ಸೋರುವುದು ನಿಂತಿತು, ಧಗೆ ಶುರುವಾಯಿತು.

ಆದ್ದರಿಂದ ನನ್ನ ಮೊದಲನೇ ಸಲಹೆ ಇದು: ಏಸಿಗಿಂತ ಮುಂಚೆ ಮಾಳಿಗೆ ನೋಡಿಕೊಳ್ಳಿ. ಶಿವರಾತ್ರಿ ಕಳೆದ ಕೂಡಲೇ ಮಾಳಿಗೆ ತೊಳೆಸಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಸಿದೆವು. ಆಳಿನ ಕೂಲಿಯೂ ಸೇರಿ 2,200 ರೂಪಾಯಿ. ಬಿಳುಪು ಬಿಸಿಲನ್ನು ತಿರುಗಿಸಿ ಕಳಿಸುತ್ತದೆ. ಸ್ಲ್ಯಾಬು ಕಾಯುವುದು ಕಡಿಮೆಯಾದಷ್ಟೂ ಏಸಿಯ ಕೆಲಸ ಹಗುರ, ಬಿಲ್ಲೂ ಹಗುರ.

ಎರಡನೆಯದು, ಯಾವ ಕೋಣೆಗೆ ಎಂಬ ಪ್ರಶ್ನೆ. ನಮ್ಮ ಮನೆಯವರದು ಒಂದೇ ಹಟ: "ಪಡಸಾಲ್ಯಾಗ ಹಾಕಸೋಣ. ಬಂದವರಿಗೂ ತಂಪಾಗ್ತೈತಿ." ಬಂದವರ ಕಣ್ಣಿಗೂ ಬೀಳುತ್ತದೆ ಅನ್ನೋದು ಒಳಗಿನ ಮಾತು! ಪಡಸಾಲೆ ದೊಡ್ಡದು, ಬಾಗಿಲು ಹಾಕುವ ಹಾಗಿಲ್ಲ. ದೊಡ್ಡ ಯಂತ್ರ ತಂದರೂ ತಂಪೆಲ್ಲ ಅಂಗಳದ ಪಾಲು. "ಕೂಸು ಇರೂದು ಕೋಣ್ಯಾಗ್ರೀ, ಪಡಸಾಲ್ಯಾಗಲ್ಲ" ಅಂದೆ. 10 ಅಡಿಗೆ 11 ಅಡಿಯ ಬಾಣಂತಿ ಕೋಣೆಗೆ ಒಂದು ಟನ್ ಸಾಕೆಂದು ತೀರ್ಮಾನವಾಯಿತು. ಇಲ್ಲಿ ಟನ್ ಅಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿ ಎಂದರ್ಥ.

ಇನ್ನು ಖರ್ಚು. 2025ರ ಸೆಪ್ಟೆಂಬರ್ 22ರಿಂದ ಏಸಿಯ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದದ್ದು ನಮಗೆ ಅನುಕೂಲವಾಯಿತು. ಅಂಗಡಿಯವರು ಹೇಳಿದ ಬೆಲೆ 34,000. ಆದರೆ ಡಬ್ಬಿಯ ಮೇಲಿನ ಬೆಲೆ ಪೂರ್ತಿ ಬೆಲೆಯಲ್ಲ. ನಮ್ಮ ಚೀಟಿ ಓದಿ ನೋಡಿ: ಜೋಡಣೆ ಕೂಲಿ 1,500. ಹೊರಗಿನ ಪೆಟ್ಟಿಗೆ ಕೂರಿಸುವ ಸ್ಟ್ಯಾಂಡು 900. ಕಲ್ಲಿನ ಗೋಡೆ ಕೊರೆಯಲು 800. ಹೆಚ್ಚಿಗೆ ಬೇಕಾದ ಎರಡು ಮೀಟರ್ ತಾಮ್ರದ ಕೊಳವೆ 1,700. ಸ್ಟೆಬಿಲೈಜರ್ 2,600. ಮೀಟರಿನಿಂದ ಕೋಣೆಯವರೆಗೆ ಬೇರೆಯೇ ದಪ್ಪ ವೈರು, ಎಂ.ಸಿ.ಬಿ. ಮತ್ತು ಅರ್ಥಿಂಗ್ ಸೇರಿ 6,300. ಒಟ್ಟು 47,800. ಹೇಳಿದ ಬೆಲೆಗಿಂತ 13,800 ಹೆಚ್ಚು!

ಈ ಪಟ್ಟಿಯಲ್ಲಿ ವೈರು ಮತ್ತು ಅರ್ಥಿಂಗ್‌ನಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಫ್ಯಾನಿನ ವೈರಿಗೆ ಏಸಿ ಸಿಕ್ಕಿಸಿದರೆ ವೈರು ಕಾಯ್ದು ಬೆಂಕಿ ಹತ್ತಬಹುದು. ಮಂಜೂರಾದ ಲೋಡು ಎಷ್ಟಿದೆಯೆಂದು ಕರೆಂಟ್ ಬಿಲ್ಲಿನಲ್ಲಿ ನೋಡಿಕೊಳ್ಳಿ. ಹೆಚ್ಚಿಸಬೇಕಾದರೆ ಅದಕ್ಕೂ ಠೇವಣಿ ಕಟ್ಟಬೇಕು, ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ತಿಂಗಳ ಖರ್ಚಿನ ವಿಷಯಕ್ಕೆ ಬರೋಣ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆ ನಿಮಗೆಲ್ಲ ಗೊತ್ತು. ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ ನಮ್ಮ ಉಚಿತ ಪಾಲನ್ನು ಗೊತ್ತು ಮಾಡಿದ್ದಾರೆ. ಆ ಪಾಲು ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚಿನದಕ್ಕಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ನಮ್ಮ ತಲೆಗೆ. ನಮ್ಮ ಪಾಲು 77 ಯೂನಿಟ್, ಬಳಸುತ್ತಿದ್ದದ್ದು 70. ನಮ್ಮ ಏಸಿ ಗಂಟೆಗೆ ಸುಮಾರು ಮುಕ್ಕಾಲು ಯೂನಿಟ್ಟಿನೊಳಗೇ ತಿನ್ನುತ್ತದೆ. ದಿನಕ್ಕೆ ಹತ್ತು ತಾಸು ಹಾಕಿದರೆ ತಿಂಗಳಿಗೆ ಹತ್ತಿರ ಹತ್ತಿರ 200 ಯೂನಿಟ್, ಮನೆಯದೂ ಸೇರಿ 270. ಅಂದರೆ 1,600 ರೂಪಾಯಿಗೂ ಮೇಲೆ. ಐದಾರು ತಾಸಿಗೆ ನಿಲ್ಲಿಸಿದರೆ ಎಲ್ಲ ಸೇರಿ 180 ಯೂನಿಟ್, ಕೊಡುವುದು ಸುಮಾರು 600 ರೂಪಾಯಿ. ಅದಕ್ಕೇ ಮಧ್ಯಾಹ್ನ ಒಂದರಿಂದ ನಾಲ್ಕು, ರಾತ್ರಿ ಮಲಗುವ ಮುಂದೆ ಎರಡು ಮೂರು ತಾಸು ಎಂದು ಕಟ್ಟು ಮಾಡಿಕೊಂಡೆವು. ಒಂದು ಡಿಗ್ರಿ ಏರಿಸಿಟ್ಟರೆ ಕರೆಂಟು ಶೇಕಡ ಆರರಷ್ಟು ಉಳಿಯುತ್ತದೆ ಅನ್ನುವುದನ್ನೂ ನೆನಪಿಡಿ.

"ಕೂಲರ್ ತಂದ್ರ ಆಗ್ತಿರಲಿಲ್ಲೇನು?" ಎಂದು ನೆರೆಯವರು ಕೇಳಿದರು. ನಮ್ಮ ಒಣಹವೆಗೆ ಕೂಲರ್ ಚೆನ್ನಾಗಿಯೇ ನಡೆಯುತ್ತದೆ, ಕರೆಂಟೂ ಬಹಳ ಕಡಿಮೆ. ಆದರೆ ಕಿಟಕಿ ತೆರೆದಿರಬೇಕು, ದಿನಾ ಹತ್ತಾರು ಲೀಟರ್ ನೀರು ಸುರಿಯಬೇಕು, ನೀರು ನಿಂತರೆ ಸೊಳ್ಳೆ. ಮುಂಗಾರು ಬಂದು ಹವೆ ತೇವವಾದರೆ ಅದರ ಆಟ ನಡೆಯದು. ಬೇರೆ ಕೋಣೆಗಾದರೆ ಅದನ್ನೇ ತರುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ತಕರಾರು ಅತ್ತೆಯವರದು. "ಬಾಣಂತಿಗೆ ಥಂಡಿ ಗಾಳಿ ತಾಗಿದ್ರ ಸನ್ನಿ ಹಿಡಿತೈತಿ. ಕಾಯಿಸ್ಕೊಳ್ಳೂ ಕೋಣ್ಯಾಗ ಮಂಜಿನ ಮಿಷನ್ ಏನವಾ?" ಅವರ ಮಾತನ್ನು ತಳ್ಳಿಹಾಕದೆ ಡಾಕ್ಟರಮ್ಮನ ಮುಂದೆಯೇ ಇಟ್ಟೆ. ಅವರು ಸಮಾಧಾನವಾಗಿ ಹೇಳಿದರು: "ಅಜ್ಜಿ, ತಂಪು ಬ್ಯಾರೆ, ಥಂಡಿ ಬ್ಯಾರೆ. ಹಸುಗೂಸಿಗೆ ನಮ್ಮಂಗ ಬೆವರಿ ಮೈ ತಂಪು ಮಾಡ್ಕೊಳ್ಳಾಕ ಬರೂದಿಲ್ಲ. 26–27ಕ್ಕ ಇಡ್ರಿ, ಗಾಳಿ ಕೂಸಿನ ಮ್ಯಾಲೆ ನೇರ ಬೀಳಬಾರದು, ಟೊಪಗಿ ಇರ್ಲಿ. ಬಾಣಂತಿಗೆ ನೀರು ಮಾತ್ರ ಕಡಿಮಿ ಮಾಡಬ್ಯಾಡ್ರಿ." ತುಂಬು ಬಸುರಿಗೂ ವಿಪರೀತ ಧಗೆ ಒಳ್ಳೆಯದಲ್ಲ, ದಿನ ತುಂಬುವ ಮುಂಚೆ ಹೆರಿಗೆಯಾಗುವ ಸಂಭವ ಹೆಚ್ಚು ಎಂದೂ ತಿಳಿಸಿದರು. ಅತ್ತೆ ಕೊನೆಗೆ ಒಪ್ಪಿದ್ದು ಒಂದು ಕರಾರಿನ ಮೇಲೆ: ಕೂಸಿಗೆ ಎರೆಯುವ ಹೊತ್ತಿನಲ್ಲಿ ಏಸಿ ಬಂದ್!

ಕುಬಸದ 60 ಸಾವಿರದಲ್ಲಿ ಏಸಿಗೂ ಸುಣ್ಣಕ್ಕೂ 50 ಸಾವಿರ ಹೋಯಿತು. ಉಳಿದ ಹತ್ತು ಸಾವಿರದಲ್ಲಿ ಮಗಳಿಗೊಂದು ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಹಸಿರು ಬಳೆ, ಮನೆಮಂದಿಗಷ್ಟೇ ಊಟ. "ಓಣಿಗೆಲ್ಲಾ ಉಣಸಲಿಲ್ಲ" ಎಂದು ಒಂದಿಬ್ಬರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಕುಬಸ ಮಾಡುವುದು ಬಸುರಿಯ ಆಸೆ ತೀರಿಸಲಿಕ್ಕೆ ತಾನೆ? ನನ್ನ ಮಗಳ ಆಸೆ ಈ ಸಲ ತಂಪಿನದಾಗಿತ್ತು.

ಮೊಮ್ಮಗಳು ಮೇ ತಿಂಗಳ ಧಗೆಯಲ್ಲೂ ಬೆವರುಸಾಲೆ ಇಲ್ಲದೆ ನಿದ್ದೆ ಮಾಡಿದಳು. ಆದರೆ ಆ ಕೋಣೆಯಿಂದ ಅಡುಗೆಮನೆಗೆ ಕಾಲಿಟ್ಟಾಗಲೇ ನನಗೆ ಗೊತ್ತಾದದ್ದು: ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಧಗೆ ಉಣ್ಣುವವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು. ಅವಳಿಗೆ ಏಸಿ ಯಾರೂ ಕೇಳುವುದಿಲ್ಲ. ಸಾಸಿವೆ ಡಬ್ಬಿಯ ದುಡ್ಡಿನಲ್ಲಿ 1,800 ರೂಪಾಯಿ ಕೊಟ್ಟು, ಬಿಸಿಗಾಳಿ ಹೊರಗೆ ತಳ್ಳುವ ಫ್ಯಾನು ಕೂರಿಸಿಕೊಂಡೆ. ರೊಟ್ಟಿಯನ್ನು ಬೆಳಗಿನ ಎಂಟರೊಳಗೇ ಬಡಿದು ಮುಗಿಸುತ್ತೇನೆ.

ಸೋದರಿಯರೇ, ನಿಮ್ಮ ಮನೆಯಲ್ಲೂ ಏಸಿಯ ಮಾತು ಬಂದಾಗ ಚೀಟಿಯನ್ನು ನೀವೇ ಬರೆಯಿರಿ. ಮೊದಲು ಮಾಳಿಗೆಗೆ ಸುಣ್ಣ, ಆಮೇಲೆ ಅರ್ಥಿಂಗ್, ಆಮೇಲೆ ಯಂತ್ರ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸುವುದನ್ನು ಮರೆಯಬೇಡಿ: ಅಡುಗೆಮನೆಗೊಂದು ಫ್ಯಾನು.